ಬಲ್ಲವನಿಗೂ ಬಾರದವನಿಗೂ ಒಂದೇ ಅಳತೆ: ಗಾಲ್ಫ್ ಹ್ಯಾಂಡಿಕ್ಯಾಪ್ ನಡೆದು ಬಂದ ದಾರಿ

1687ರ ಚಳಿಗಾಲದಲ್ಲಿ ಎಡಿನ್‌ಬರ್ಗ್‌ನಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದ ಥಾಮಸ್ ಕಿಂಕೆಯ್ಡ್ ಎಂಬ ಯುವಕ ತನ್ನ ದಿನಚರಿಯಲ್ಲಿ ಗಾಲ್ಫ್ ಆಟದ ಬಗ್ಗೆ ಒಂದು ಪ್ರಶ್ನೆಯನ್ನು ಬರೆದಿಟ್ಟ. ಚೆನ್ನಾಗಿ ಆಡಬಲ್ಲವನೊಬ್ಬ ತನಗಿಂತ ಕಡಿಮೆ ಬಲದವನೊಡನೆ ಪಣ ಕಟ್ಟಿ ಆಡುವಾಗ, ಇಬ್ಬರೂ ಸಮಾನ ಪಣವಿಟ್ಟು ಎದುರಾಳಿಗೆ ಆಟದಲ್ಲೇ ರಿಯಾಯಿತಿ ಕೊಡುವುದು ಲೇಸೋ, ಆಟವನ್ನು ಸರಿಸಮನಾಗಿ ಆಡಿ ಪಣವನ್ನು ಮಾತ್ರ ಒಂದಕ್ಕೆ ಮೂರರಂತೆ ಏರುಪೇರು ಮಾಡಿಕೊಳ್ಳುವುದು ಲೇಸೋ ಎಂಬುದು ಅವನ ಜಿಜ್ಞಾಸೆಯಾಗಿತ್ತು. ಮುಂದಿನ ಮುನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಗಾಲ್ಫ್ ಮೊದಲ ದಾರಿಯನ್ನೇ ಹಿಡಿಯಿತು. ಆದರೆ ಎಷ್ಟು ರಿಯಾಯಿತಿ ಕೊಡಬೇಕು, ಅದನ್ನು ಯಾರು ನಿರ್ಧರಿಸಬೇಕು, ಯಾವ ಅಂಗಳವನ್ನು ಆಧಾರವಾಗಿಟ್ಟುಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಎಲ್ಲ ದೇಶಗಳೂ ಒಪ್ಪುವ ಉತ್ತರ ಸಿಕ್ಕಿದ್ದು 2020ರಲ್ಲಿ.

ಗಾಲ್ಫ್ ಆಡದ ಓದುಗರಿಗಾಗಿ ಮೂಲ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಚೆಂಡನ್ನು ಮೊದಲು ಹೊಡೆಯುವ ಟೀ ಎಂಬ ಜಾಗದಿಂದ ಅದನ್ನು ಬೀಳಿಸಬೇಕಾದ ಕುಳಿಯವರೆಗಿನ ಭಾಗವೇ ಒಂದು ಹೋಲ್. ಅಂಗಳದ 18 ಹೋಲ್‌ಗಳಲ್ಲಿ ಪ್ರತಿಯೊಂದಕ್ಕೂ ನುರಿತ ಆಟಗಾರನಿಗೆ ಎಷ್ಟು ಹೊಡೆತ ಸಾಕು ಎಂಬ ನಿಗದಿ ಇರುತ್ತದೆ. ಅದನ್ನು ಪಾರ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೊಂದು ಹೋಲ್‌ನ ಪಾರ್ 3, 4 ಅಥವಾ 5 ಆಗಿರುತ್ತದೆ ಮತ್ತು ದೊಡ್ಡ ಅಂಗಳಗಳಲ್ಲಿ ಒಟ್ಟು ಪಾರ್ 72ರ ಆಸುಪಾಸಿನಲ್ಲಿರುತ್ತದೆ. 94 ಹೊಡೆತಗಳಲ್ಲಿ ಸುತ್ತು ಮುಗಿಸಿದ ಆಟಗಾರನಿಗೆ 20 ಹೊಡೆತಗಳ ಹ್ಯಾಂಡಿಕ್ಯಾಪ್, ಅಂದರೆ ಒಟ್ಟು ಹೊಡೆತಗಳಿಂದ ಕಳೆಯುವ ರಿಯಾಯಿತಿ, ಇದ್ದರೆ ಅವನ ನಿವ್ವಳ ಸ್ಕೋರ್ 74. ಅದೇ ದಿನ 80 ಹೊಡೆತಗಳಲ್ಲಿ ಮುಗಿಸಿದ, 5 ಹೊಡೆತಗಳ ಹ್ಯಾಂಡಿಕ್ಯಾಪ್ ಇರುವ ಆಟಗಾರನ ನಿವ್ವಳ ಸ್ಕೋರ್ 75. ಹೀಗೆ ಮೊದಲನೆಯವನು ಗೆಲ್ಲುತ್ತಾನೆ ಮತ್ತು ಆ ಗೆಲುವನ್ನು ಇಬ್ಬರೂ ಒಪ್ಪುತ್ತಾರೆ. ಒಪ್ಪಿಗೆಯೇ ಇಲ್ಲಿ ಮುಖ್ಯವಾದದ್ದು. ಸೋತವನಿಗೆ ಆ 20 ಎಂಬ ಅಂಕಿಯಲ್ಲಿ ನಂಬಿಕೆ ಇಲ್ಲದಿದ್ದರೆ ಆಟವೇ ಅರ್ಥಹೀನವಾಗುತ್ತದೆ. ಆದ್ದರಿಂದ ಹ್ಯಾಂಡಿಕ್ಯಾಪ್‌ನ ಚರಿತ್ರೆಯನ್ನು ಆ ನಂಬಿಕೆಗೆ ಆಧಾರ ಹುಡುಕಿದ ಚರಿತ್ರೆಯೆಂದೇ ಓದಬೇಕು. ಸಾಧಾರಣ ಆಟಗಾರನ ಆಟವನ್ನು ಅವನ ದೃಷ್ಟಿಯಿಂದಲೇ ಅಳೆಯಲು ಮನಸ್ಸು ಮಾಡಿದಾಗಲೆಲ್ಲ ಆ ಆಧಾರ ಗಟ್ಟಿಯಾಗಿದೆ ಎಂಬುದು ಈ ಲೇಖನದ ವಾದ.

ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್‌ನಲ್ಲಿ ಪಂದ್ಯಗಳು ಹೆಚ್ಚಾಗಿ ಇಬ್ಬರ ನಡುವೆ, ಹೋಲ್‌ನಿಂದ ಹೋಲ್‌ಗೆ ಗೆಲುವು ಸೋಲು ಎಣಿಸುವ ಮ್ಯಾಚ್ ಪ್ಲೇ ರೂಪದಲ್ಲಿ ನಡೆಯುತ್ತಿದ್ದವು. ಆಟಕ್ಕೆ ಮೊದಲು ಇಬ್ಬರ ಬಲವನ್ನೂ ಬಲ್ಲ ಮೂರನೆಯ ವ್ಯಕ್ತಿ, ಇಲ್ಲವೇ ಆಟಗಾರರೇ ಮಾತನಾಡಿಕೊಂಡು, ರಿಯಾಯಿತಿಯನ್ನು ಗೊತ್ತುಮಾಡುತ್ತಿದ್ದರು. ಎರಡು ಹೋಲ್‌ಗಳಿಗೆ ಒಂದು ಹೊಡೆತ, ಮೂರು ಹೋಲ್‌ಗಳಿಗೆ ಒಂದು ಹೊಡೆತ, ಹೋಲ್‌ಗೆ ಒಂದರಂತೆ ಹೊಡೆತ ಎಂಬಂಥ ರೂಢಿಯ ದರಗಳು ಬಳಕೆಯಲ್ಲಿದ್ದವು. ಒಬ್ಬರನ್ನೊಬ್ಬರು ಬಲ್ಲವರ ನಡುವೆ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ರೈಲು ಬಂದ ಮೇಲೆ ಒಂದು ಊರಿನ ಆಟಗಾರ ಇನ್ನೊಂದು ಊರಿನ ಅಂಗಳಕ್ಕೆ ಹೋಗತೊಡಗಿದ. ಕ್ಲಬ್‌ಗಳ ಸಂಖ್ಯೆ ಬೆಳೆಯಿತು. ಹತ್ತಾರು ಜನ ಒಟ್ಟಿಗೆ ಸ್ಪರ್ಧಿಸಿ, ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇ ಸ್ಪರ್ಧೆಗಳು ಹೆಚ್ಚಾದವು. ಪರಿಚಯದ ಮೇಲೆ ನಿಂತ ರಿಯಾಯಿತಿ ಅಪರಿಚಿತರ ನಡುವೆ ಕೆಲಸಕ್ಕೆ ಬರಲಿಲ್ಲ.

ಆಗ ಕ್ಲಬ್‌ಗಳು ಅಂಕಗಣಿತದ ಮೊರೆಹೋದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೆಚ್ಚು ಚಲಾವಣೆಗೆ ಬಂದ ವಿಧಾನವೆಂದರೆ ಆಟಗಾರನ ವರ್ಷದ ಮೂರು ಅತ್ಯುತ್ತಮ ಸ್ಕೋರ್‌ಗಳ ಸರಾಸರಿ ತೆಗೆದು, ಅದರಿಂದ ಆ ಅಂಗಳದ ಮಾದರಿ ಸ್ಕೋರನ್ನು ಕಳೆಯುವುದು. ಉಳಿದದ್ದೇ ಅವನ ಹ್ಯಾಂಡಿಕ್ಯಾಪ್. ಸರಳವಾದ ಈ ವಿಧಾನದಲ್ಲಿ ಎರಡು ತೊಡಕುಗಳಿದ್ದವು. ಸಾಧಾರಣ ಆಟಗಾರನ ಸ್ಕೋರ್‌ಗಳು ನುರಿತವನ ಸ್ಕೋರ್‌ಗಳಿಗಿಂತ ಹೆಚ್ಚು ಏರಿಳಿಯುತ್ತವೆ. ಅವನ ವರ್ಷದ ಮೂರು ಒಳ್ಳೆಯ ದಿನಗಳು ಅವನ ನಿತ್ಯದ ಆಟಕ್ಕೆ ಬಹು ದೂರವಾಗಿರುತ್ತವೆ. ಅವುಗಳನ್ನೇ ಅವನ ಮಟ್ಟವೆಂದು ಹಿಡಿದರೆ ಉಳಿದ ದಿನಗಳಲ್ಲಿ ಅವನಿಗೆ ಸಿಗುವ ರಿಯಾಯಿತಿ ಸಾಲುವುದಿಲ್ಲ. ಎರಡನೆಯದಾಗಿ, ಕಳೆಯಬೇಕಾದ ಮಾದರಿ ಸ್ಕೋರ್ ಯಾವುದು ಎಂಬುದನ್ನು ಒಂದೊಂದು ಕ್ಲಬ್ ತನಗೆ ತೋಚಿದಂತೆ ನಿಗದಿಪಡಿಸುತ್ತಿತ್ತು. ಒಂದು ಕ್ಲಬ್ಬಿನ 10 ಇನ್ನೊಂದು ಕ್ಲಬ್ಬಿನಲ್ಲಿ 15 ಆಗಬಹುದಿತ್ತು.

ಈ ಎರಡನೆಯ ತೊಡಕನ್ನು ಮೊದಲು ಬಿಡಿಸಿದವರು ಮಹಿಳೆಯರು. ಗಾಲ್ಫ್ ಚರಿತ್ರೆಯಲ್ಲಿ ಈ ಮಾತಿಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. 1893ರಲ್ಲಿ ಬ್ರಿಟನ್‌ನಲ್ಲಿ ಲೇಡೀಸ್ ಗಾಲ್ಫ್ ಯೂನಿಯನ್ ಸ್ಥಾಪನೆಯಾಯಿತು. ಅಮೆರಿಕದ ಗಾಲ್ಫ್ ಸಂಸ್ಥೆಯಾದ ಯುಎಸ್‌ಜಿಎ ಹುಟ್ಟಿದ್ದು ಅದರ ಮರುವರ್ಷ. ಯೂನಿಯನ್ನಿನ ಮೊದಲ ಗೌರವ ಕಾರ್ಯದರ್ಶಿಯಾಗಿದ್ದ ಇಸೆಟ್ ಪಿಯರ್ಸನ್ ಸ್ವತಃ ಒಳ್ಳೆಯ ಆಟಗಾರ್ತಿ. 1893 ಮತ್ತು 1894ರ ಮಹಿಳಾ ಚಾಂಪಿಯನ್‌ಷಿಪ್‌ಗಳ ಫೈನಲ್ ತಲುಪಿ, ಎರಡರಲ್ಲೂ ಲೇಡಿ ಮಾರ್ಗರೆಟ್ ಸ್ಕಾಟ್ ಎದುರು ಸೋತವರು. ಸದಸ್ಯ ಕ್ಲಬ್‌ಗಳೆಲ್ಲ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿಯನ್ನು ಅನುಸರಿಸಬೇಕು ಎಂಬುದನ್ನು ಯೂನಿಯನ್ ತನ್ನ ಮುಖ್ಯ ಉದ್ದೇಶಗಳಲ್ಲಿ ಒಂದಾಗಿಸಿಕೊಂಡಿತು. ಅಂಗಳದ ಮಾದರಿ ಸ್ಕೋರನ್ನು ಕ್ಲಬ್‌ಗಳ ಮರ್ಜಿಗೆ ಬಿಡದೆ, ತನ್ನ ಪ್ರತಿನಿಧಿಗಳ ಮೂಲಕ ತಾನೇ ಗೊತ್ತುಮಾಡತೊಡಗಿತು. ಶತಮಾನ ಮುಗಿಯುವ ಹೊತ್ತಿಗೆ ಒಬ್ಬ ಆಟಗಾರ್ತಿ ತನ್ನ ಹ್ಯಾಂಡಿಕ್ಯಾಪ್ ಹಿಡಿದುಕೊಂಡು ಬೇರೆ ಊರಿನ ಕ್ಲಬ್ಬಿಗೆ ಹೋದರೆ ಅಲ್ಲಿಯೂ ಅದಕ್ಕೆ ಬೆಲೆ ಸಿಗುತ್ತಿತ್ತು. ಅದೇ ಕಾಲದಲ್ಲಿ ಪುರುಷರ ಕ್ಲಬ್‌ಗಳು ತಮ್ಮ ತಮ್ಮ ಲೆಕ್ಕವನ್ನೇ ಸರಿಯೆಂದು ಹಿಡಿದು ಕುಳಿತಿದ್ದವು.

ಪುರುಷರ ಸಂಘಟನೆಗಳು ಜಂಟಿ ಸಲಹಾ ಸಮಿತಿಯೊಂದನ್ನು ರಚಿಸಿಕೊಂಡದ್ದು 1924ರಲ್ಲಿ. ಆ ಸಮಿತಿ ಸ್ಟ್ಯಾಂಡರ್ಡ್ ಸ್ಕ್ರ್ಯಾಚ್ ಸ್ಕೋರ್ ಎಂಬ ಸಮಾನ ಅಳತೆಯನ್ನು ಜಾರಿಗೆ ತಂದದ್ದು 1926ರಲ್ಲಿ. ಹ್ಯಾಂಡಿಕ್ಯಾಪ್ ಸೊನ್ನೆ ಇರುವ, ಅಂದರೆ ರಿಯಾಯಿತಿಯೇ ಬೇಡದ ಆಟಗಾರನನ್ನು ಸ್ಕ್ರ್ಯಾಚ್ ಆಟಗಾರ ಎನ್ನುತ್ತಾರೆ. ಅಂಥವನು ಒಂದು ಅಂಗಳದಲ್ಲಿ ಎಷ್ಟು ಹೊಡೆತಗಳಲ್ಲಿ ಮುಗಿಸಬೇಕು ಎಂಬುದನ್ನು ಮುಖ್ಯವಾಗಿ ಅಂಗಳದ ಉದ್ದದ ಮೇಲೆ ನಿರ್ಧರಿಸಲಾಗುತ್ತಿತ್ತು. ಇದರಲ್ಲೊಂದು ವಿಪರ್ಯಾಸ ಮಹಿಳೆಯರ ಪಾಲಿಗೆ ಬಹುಕಾಲ ಉಳಿಯಿತು: ಅವರ ಯೂನಿಯನ್ ತೋರಿಸಿದ ದಾರಿಯಲ್ಲೇ ಪುರುಷರು ನಡೆದರೂ, ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷೆಂಟ್ ಕ್ಲಬ್ ಮಹಿಳೆಯರಿಗೆ ಸದಸ್ಯತ್ವ ಕೊಡಲು ಮತ ಹಾಕಿದ್ದು 2014ರ ಸೆಪ್ಟೆಂಬರ್‌ನಲ್ಲಿ. ಲೇಡೀಸ್ ಗಾಲ್ಫ್ ಯೂನಿಯನ್ 2017ರಲ್ಲಿ, ಆ ಕ್ಲಬ್ಬಿನಿಂದಲೇ ಹುಟ್ಟಿ ಗಾಲ್ಫ್ ಆಡಳಿತ ನೋಡಿಕೊಳ್ಳುವ ಆರ್ ಅಂಡ್ ಎ ಸಂಸ್ಥೆಯಲ್ಲಿ ವಿಲೀನವಾಯಿತು.

ಅಮೆರಿಕದಲ್ಲಿ ನ್ಯೂಜೆರ್ಸಿಯ ಲೇಟನ್ ಕಾಲ್ಕಿನ್ಸ್ 1905ರಲ್ಲಿ ಬ್ರಿಟಿಷರ ಮೂರು ಸ್ಕೋರ್‌ಗಳ ಸರಾಸರಿಯನ್ನೇ ಸುಧಾರಿಸಿ ಕ್ಲಬ್‌ಗಳಿಗಾಗಿ ಒಂದು ಪದ್ಧತಿಯನ್ನು ಪ್ರಕಟಿಸಿದರು. ಯುಎಸ್‌ಜಿಎ 1911ರಲ್ಲಿ ಅದನ್ನು ಒಪ್ಪಿಕೊಂಡಾಗ, ಅಂಗಳಗಳ ಪಾರ್ ನಿಗದಿಗೆ ರಾಷ್ಟ್ರೀಯ ಅಮೆಚೂರ್ ಚಾಂಪಿಯನ್ ಜೆರೋಮ್ ಟ್ರ್ಯಾವರ್ಸ್ ಅವರ ಆಟವನ್ನೇ ಮಾನದಂಡವಾಗಿ ಇಟ್ಟುಕೊಂಡಿತು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ದೇಶದ ಅತಿ ಶ್ರೇಷ್ಠ ಹವ್ಯಾಸಿ ಆಟಗಾರ ಒಂದು ಅಂಗಳವನ್ನು ಹೇಗೆ ಆಡುತ್ತಾನೆ ಎಂಬುದರಿಂದ, ವಾರಕ್ಕೊಮ್ಮೆ ಆಡುವ ಅಂಗಡಿಕಾರ ಅಥವಾ ಗುಮಾಸ್ತನಿಗೆ ಆ ಅಂಗಳ ಎಷ್ಟು ಕಷ್ಟವಾಗುತ್ತದೆ ಎಂಬುದು ತಿಳಿಯುತ್ತದೆಯೇ? ತಿಳಿಯುವುದಿಲ್ಲ. ಆದರೂ ಅಟ್ಲಾಂಟಿಕ್‌ನ ಎರಡೂ ದಂಡೆಗಳಲ್ಲಿ ಮುಂದಿನ ಆರೇಳು ದಶಕಗಳ ಕಾಲ ಅಂಗಳದ ಅಳತೆ ಸ್ಕ್ರ್ಯಾಚ್ ಆಟಗಾರನೊಬ್ಬನ ಲೆಕ್ಕದಲ್ಲೇ ನಡೆಯಿತು.

ಅದರಿಂದಾದ ಅನ್ಯಾಯವನ್ನು ಹೀಗೆ ವಿವರಿಸಬಹುದು. ಎರಡು ಅಂಗಳಗಳಿವೆ ಎಂದಿಟ್ಟುಕೊಳ್ಳೋಣ. ಎರಡನ್ನೂ ಸ್ಕ್ರ್ಯಾಚ್ ಆಟಗಾರ 71 ಹೊಡೆತಗಳಲ್ಲಿ ಮುಗಿಸುತ್ತಾನೆ. ಮೊದಲನೆಯದು ಅಗಲವಾದ, ಅಡೆತಡೆ ಕಡಿಮೆ ಇರುವ ಅಂಗಳ. ಎರಡನೆಯದರಲ್ಲಿ ಚೆಂಡನ್ನು ಕೆರೆಯ ಮೇಲಿಂದ 180 ಗಜ ದಾಟಿಸಬೇಕಾದ ಹೋಲ್‌ಗಳಿವೆ, ಇಕ್ಕೆಲಗಳಲ್ಲಿ ದಟ್ಟ ಮರಗಳಿವೆ. ನುರಿತವನಿಗೆ ಆ ಕೆರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸಾಧಾರಣ ಆಟಗಾರನಿಗಾದರೋ ಅಲ್ಲಿ ಎರಡು ಚೆಂಡು ನೀರುಪಾಲಾಗಿ, ಒಂದೇ ಹೋಲ್‌ನಲ್ಲಿ ನಾಲ್ಕೈದು ಹೊಡೆತ ಹೆಚ್ಚಾಗುತ್ತದೆ. ಸುಲಭದ ಪ್ರಶ್ನೆಪತ್ರಿಕೆ ಬರೆದು 60 ಅಂಕ ಪಡೆದವರನ್ನೂ ಕಠಿಣ ಪತ್ರಿಕೆ ಬರೆದು 60 ಪಡೆದವರನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಿದಂತೆ, ಸುಲಭ ಅಂಗಳದಲ್ಲಿ ಗಳಿಸಿದ 18 ಮತ್ತು ಕಠಿಣ ಅಂಗಳದಲ್ಲಿ ಗಳಿಸಿದ 18 ಒಂದೇ ಎನಿಸಿಕೊಂಡವು. ಕಠಿಣ ಅಂಗಳದ ಸದಸ್ಯ ಬೇರೆ ಕಡೆ ಹೋದಾಗ ಬಹುಮಾನ ಬಾಚಿಕೊಂಡು ಬರುತ್ತಿದ್ದ. ಸುಲಭ ಅಂಗಳದ ಸದಸ್ಯ ಎಲ್ಲಿಗೆ ಹೋದರೂ ಸೋಲುತ್ತಿದ್ದ.

ಇದಕ್ಕೆ ಪರಿಹಾರ ಹುಡುಕಿದವರು ಅಮೆರಿಕದ ನೌಕಾಪಡೆಯ ಅಧಿಕಾರಿ ಡೀನ್ ಕನೂತ್. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಸಂಸ್ಥೆಯಲ್ಲಿ ಓದುತ್ತಿದ್ದಾಗ ಅವರು ಅಂಗಳಕ್ಕೆ ಎರಡು ಅಳತೆಗಳು ಬೇಕೆಂದು ಪ್ರತಿಪಾದಿಸಿದರು. ಒಂದು ಸ್ಕ್ರ್ಯಾಚ್ ಆಟಗಾರನದು, ಇನ್ನೊಂದು ಬೋಗಿ ಆಟಗಾರನದು. ಬೋಗಿ ಆಟಗಾರ ಎಂದರೆ ಸುಮಾರು 20 ಹ್ಯಾಂಡಿಕ್ಯಾಪ್ ಇರುವ ಪುರುಷ ಅಥವಾ ಸುಮಾರು 24 ಇರುವ ಮಹಿಳೆ. ಯುಎಸ್‌ಜಿಎ ಈ ವಿಚಾರವನ್ನು ಬೆಳೆಸಿ, ಕೊಲರಾಡೊದಲ್ಲಿ ಪ್ರಯೋಗ ಮಾಡಿ, 1987ರಿಂದ ದೇಶದ ಉದ್ದಗಲಕ್ಕೂ ವಿಸ್ತರಿಸಿತು. ಸ್ಲೋಪ್ ರೇಟಿಂಗ್ ಎಂಬ ಹೆಸರಿನಲ್ಲಿ ಇಂದು ಜಗತ್ತಿನ ಗಾಲ್ಫ್ ಅಂಗಳಗಳ ಸ್ಕೋರ್ ಕಾರ್ಡ್‌ಗಳ ಮೇಲೆ ಕಾಣುವ ಅಂಕಿ ಅದೇ. ಹ್ಯಾಂಡಿಕ್ಯಾಪ್‌ನ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ. ಸಾಧಾರಣ ಆಟಗಾರ ಅಂಗಳದಲ್ಲಿ ಪಡುವ ಪಾಡಿಗೆ ಮೊದಲ ಬಾರಿಗೆ ಅಂಕಿಯ ರೂಪ ಸಿಕ್ಕಿತು.

ಅಳತೆ ಮಾಡುವ ಕ್ರಮವೂ ತಿಳಿದುಕೊಳ್ಳುವಂಥದ್ದು. ತರಬೇತಿ ಪಡೆದ ತಂಡವೊಂದು ಅಂಗಳಕ್ಕೆ ಬಂದು ಪ್ರತಿ ಹೋಲ್‌ನಲ್ಲಿ ಇಬ್ಬರು ಕಾಲ್ಪನಿಕ ಆಟಗಾರರ ಚೆಂಡು ಎಲ್ಲಿ ಬೀಳುತ್ತದೆ ಎಂದು ಗುರುತಿಸುತ್ತ ಹೋಗುತ್ತದೆ. ಪುರುಷರ ಲೆಕ್ಕದಲ್ಲಿ ಸ್ಕ್ರ್ಯಾಚ್ ಆಟಗಾರ ಮೊದಲ ಹೊಡೆತದಲ್ಲಿ 250 ಗಜ ಹೊಡೆಯುತ್ತಾನೆ ಮತ್ತು 470 ಗಜದ ಹೋಲ್ ಅನ್ನು ಎರಡು ಹೊಡೆತಗಳಲ್ಲಿ ಮುಟ್ಟುತ್ತಾನೆ. ಬೋಗಿ ಆಟಗಾರನಿಗೆ ಅವು 200 ಮತ್ತು 370 ಗಜ. ಮಹಿಳೆಯರ ಲೆಕ್ಕದಲ್ಲಿ ಸ್ಕ್ರ್ಯಾಚ್ ಆಟಗಾರ್ತಿಗೆ 210 ಮತ್ತು 400, ಬೋಗಿ ಆಟಗಾರ್ತಿಗೆ 150 ಮತ್ತು 280 ಗಜ. ಚೆಂಡು ಬೀಳುವ ಆ ಜಾಗಗಳಲ್ಲಿ ನೆಲದ ಏರುತಗ್ಗು ಎಷ್ಟು, ಮರಗಳು ಎಷ್ಟು ಹತ್ತಿರ, ಮರಳಿನ ಬಂಕರ್‌ಗಳು ಎಲ್ಲಿವೆ, ನೀರನ್ನು ದಾಟಬೇಕೇ, ಹುಲ್ಲು ಎಷ್ಟು ಎತ್ತರ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗವಾದ ಗ್ರೀನ್‌ನ ಮೇಲ್ಮೈ ಹೇಗಿದೆ ಎಂಬುದನ್ನೆಲ್ಲ ಅಂಕಿಗಳಲ್ಲಿ ದಾಖಲಿಸಲಾಗುತ್ತದೆ. ಕೊನೆಗೆ ಎರಡು ಸಂಖ್ಯೆಗಳು ಬರುತ್ತವೆ: ಸ್ಕ್ರ್ಯಾಚ್ ಆಟಗಾರನಿಗೆ ಸಂಬಂಧಿಸಿದ ಕೋರ್ಸ್ ರೇಟಿಂಗ್ ಮತ್ತು ಬೋಗಿ ಆಟಗಾರನಿಗೆ ಸಂಬಂಧಿಸಿದ ಬೋಗಿ ರೇಟಿಂಗ್. ಇವೆರಡರ ಅಂತರವನ್ನು ಪುರುಷರಿಗೆ 5.381ರಿಂದಲೂ ಮಹಿಳೆಯರಿಗೆ 4.24ರಿಂದಲೂ ಗುಣಿಸಿದರೆ ಸ್ಲೋಪ್ ರೇಟಿಂಗ್ ಸಿಗುತ್ತದೆ. ಅಂಗಳವೊಂದರ ಕೋರ್ಸ್ ರೇಟಿಂಗ್ 71.2, ಬೋಗಿ ರೇಟಿಂಗ್ 95.0 ಎಂದಾದರೆ ಅಂತರ 23.8, ಅಲ್ಲಿ ಪುರುಷರ ಸ್ಲೋಪ್ 128. ಅಂತರ 21 ಇರುವ ಅಂಗಳದ ಸ್ಲೋಪ್ 113 ಆಗುತ್ತದೆ. ಅದನ್ನೇ ಪ್ರಮಾಣಿತ ಕಷ್ಟದ ಅಂಗಳವೆಂದು ಹಿಡಿಯಲಾಗಿದೆ. ಸ್ಲೋಪ್ 55ರಿಂದ 155ರವರೆಗೆ ಇರಬಹುದು. ಸೂತ್ರಗಳಲ್ಲಿ ಪದೇ ಪದೇ ಎದುರಾಗಿ ಹೊಸಬರನ್ನು ತಬ್ಬಿಬ್ಬುಗೊಳಿಸುವ 113ರ ಮೂಲ ಇದು.

ಈಗ ಲೆಕ್ಕಕ್ಕೆ ಬರೋಣ. ಇದೇ ಅಂಗಳದಲ್ಲಿ ಒಬ್ಬ ಆಟಗಾರ 94 ಹೊಡೆತಗಳಲ್ಲಿ ಸುತ್ತು ಮುಗಿಸಿದ ಎಂದುಕೊಳ್ಳಿ. 94ರಿಂದ ಕೋರ್ಸ್ ರೇಟಿಂಗ್ 71.2 ಕಳೆದರೆ 22.8. ಇದನ್ನು 113ರಿಂದ ಗುಣಿಸಿ, ಅಂಗಳದ ಸ್ಲೋಪ್ ಆದ 128ರಿಂದ ಭಾಗಿಸಿದರೆ 20.1 ಬರುತ್ತದೆ. ಇದು ಆ ಸುತ್ತಿನ ಸ್ಕೋರ್ ಡಿಫರೆನ್ಷಿಯಲ್, ಅಂದರೆ ಪ್ರಮಾಣಿತ ಕಷ್ಟದ ಅಂಗಳದಲ್ಲಿ ಅವನ ಆ ದಿನದ ಆಟದ ಬೆಲೆ. ಗಾಳಿ, ಮಳೆ, ಹೋಲ್‌ಗಳನ್ನು ಕೊರೆದ ಜಾಗ ಇತ್ಯಾದಿಗಳಿಂದ ಆ ದಿನ ಎಲ್ಲರ ಆಟವೂ ನಿರೀಕ್ಷೆಗಿಂತ ಕೆಟ್ಟಿದ್ದರೆ ಅಥವಾ ಸುಧಾರಿಸಿದ್ದರೆ, ಅಂದು ದಾಖಲಾದ ಸ್ಕೋರ್‌ಗಳನ್ನೆಲ್ಲ ನೋಡಿ ಗಣಕಯಂತ್ರವೇ ಒಂದು ಹೊಡೆತ ಕೂಡಿಸುವುದರಿಂದ ಹಿಡಿದು ಮೂರು ಹೊಡೆತ ಕಳೆಯುವವರೆಗೆ ಹೊಂದಾಣಿಕೆ ಮಾಡುತ್ತದೆ. ಸ್ಕೋರನ್ನು ಆಡಿದ ದಿನವೇ ದಾಖಲಿಸಬೇಕೆಂದು ಕ್ಲಬ್‌ಗಳು ಒತ್ತಾಯಿಸುವುದಕ್ಕೆ ಕಾರಣ ಇದೇ.

ಹೀಗೆ ಕೂಡಿಬಂದ ಕೊನೆಯ 20 ಡಿಫರೆನ್ಷಿಯಲ್‌ಗಳಲ್ಲಿ ಅತಿ ಕಡಿಮೆ ಇರುವ 8ರ ಸರಾಸರಿಯೇ ಹ್ಯಾಂಡಿಕ್ಯಾಪ್ ಇಂಡೆಕ್ಸ್. ಹೊಸ ಸುತ್ತು ಸೇರಿದಂತೆ ಹಳೆಯದೊಂದು ಕಳಚಿಕೊಳ್ಳುತ್ತದೆ. ಹೊಸದಾಗಿ ಆರಂಭಿಸುವವರು 54 ಹೋಲ್‌ಗಳ ಸ್ಕೋರ್ ಸಲ್ಲಿಸಿದರೆ ಸಾಕು. ಮೂರು ಸುತ್ತುಗಳಿದ್ದಾಗ ಅವುಗಳಲ್ಲಿ ಅತಿ ಕಡಿಮೆಯದರಿಂದ 2.0 ಕಳೆಯಲಾಗುತ್ತದೆ. 34.2, 31.6, 36.0 ಎಂಬ ಮೂರು ಡಿಫರೆನ್ಷಿಯಲ್‌ಗಳಿರುವ ಹೊಸಬರ ಇಂಡೆಕ್ಸ್ 29.6. ಮಹಿಳೆಯರಿಗೂ ಪುರುಷರಿಗೂ ಗರಿಷ್ಠ ಮಿತಿ ಒಂದೇ, 54.0. ಸ್ಕ್ರ್ಯಾಚ್ ಮಟ್ಟಕ್ಕಿಂತಲೂ ಚೆನ್ನಾಗಿ ಆಡುವವರ ಇಂಡೆಕ್ಸ್ ಸೊನ್ನೆಯ ಆಚೆಗೆ ಹೋಗುತ್ತದೆ. ಅದನ್ನು ಪ್ಲಸ್ ಹ್ಯಾಂಡಿಕ್ಯಾಪ್ ಎನ್ನುತ್ತಾರೆ. ಅಂಥವರು ಅಂಗಳಕ್ಕೇ ಹೊಡೆತಗಳನ್ನು ಹಿಂದಿರುಗಿಸಬೇಕು, ಅಂದರೆ ತಮ್ಮ ಸ್ಕೋರ್‌ಗೆ ಕೂಡಿಸಿಕೊಳ್ಳಬೇಕು.

20ರಲ್ಲಿ 8 ಎಂಬುದರ ಅರ್ಥವನ್ನು ಅನೇಕ ಆಟಗಾರರು ತಪ್ಪಾಗಿ ತಿಳಿದಿರುವುದರಿಂದ ಅದನ್ನು ಬಿಡಿಸಿ ಹೇಳಬೇಕು. ಹ್ಯಾಂಡಿಕ್ಯಾಪ್ ಆಟಗಾರನ ಸರಾಸರಿ ಆಟವನ್ನು ಹೇಳುವುದಿಲ್ಲ. ಅವನ ಕೈಯಲ್ಲಿರುವ ಸಾಮರ್ಥ್ಯವನ್ನು ಹೇಳುತ್ತದೆ. ಕೆಟ್ಟ 12 ಸುತ್ತುಗಳು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಪ್ರಾಮಾಣಿಕವಾದ ಹ್ಯಾಂಡಿಕ್ಯಾಪ್ ಇರುವ ಆಟಗಾರ ತನ್ನ ಹ್ಯಾಂಡಿಕ್ಯಾಪ್‌ಗೆ ತಕ್ಕಂತೆ ಆಡುವುದು ಸುಮಾರು ನಾಲ್ಕೈದು ಸುತ್ತುಗಳಲ್ಲಿ ಒಮ್ಮೆ. ಉಳಿದ ದಿನಗಳಲ್ಲಿ ಅವನ ನಿವ್ವಳ ಸ್ಕೋರ್ ಎರಡು, ಮೂರು, ನಾಲ್ಕು ಹೊಡೆತ ಹೆಚ್ಚೇ ಇರುತ್ತದೆ. ಪ್ರತಿ ವಾರವೂ ಹ್ಯಾಂಡಿಕ್ಯಾಪ್‌ಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸುವವನನ್ನು ಕಂಡರೆ ಸಹ ಆಟಗಾರರು ಹುಬ್ಬೇರಿಸುವುದು ಸಹಜವಾಗಿಯೇ ಇದೆ.

ಒಂದೇ ಒಂದು ಹೋಲ್‌ನಲ್ಲಿ ಎಡವಿ 11 ಹೊಡೆತ ತೆಗೆದುಕೊಂಡರೆ ಇಡೀ ಸುತ್ತಿನ ಲೆಕ್ಕ ಕೆಡಬೇಕೇ ಎಂಬ ಪ್ರಶ್ನೆಗೂ ಚರಿತ್ರೆಯಿದೆ. ಫ್ರ್ಯಾಂಕ್ ಸ್ಟೇಬಲ್‌ಫರ್ಡ್ ಎಂಬ ವೈದ್ಯರು 1898ರಲ್ಲಿ ವೇಲ್ಸ್‌ನ ಗ್ಲಾಮೋರ್ಗನ್‌ಷೈರ್ ಕ್ಲಬ್ಬಿನಲ್ಲಿ ಅಂಕಪದ್ಧತಿಯ ಆಟವೊಂದನ್ನು ಪ್ರಯೋಗಿಸಿದರು. ಅದನ್ನು ತಿದ್ದಿ, 1932ರ ಮೇ 16ರಂದು ಇಂಗ್ಲೆಂಡ್‌ನ ವ್ಯಾಲೆಸಿ ಕ್ಲಬ್ಬಿನಲ್ಲಿ ಈಗಿನ ರೂಪದ ಮೊದಲ ಸ್ಪರ್ಧೆ ನಡೆಯಿತು. ರಿಯಾಯಿತಿ ಹೊಡೆತ ಕಳೆದ ಮೇಲೆ ಹೋಲ್ ಅನ್ನು ಪಾರ್‌ನಲ್ಲಿ ಮುಗಿಸಿದರೆ 2 ಅಂಕ, ಒಂದು ಹೊಡೆತ ಹೆಚ್ಚಾದರೆ 1, ಎರಡು ಅಥವಾ ಅದಕ್ಕಿಂತ ಹೆಚ್ಚಾದರೆ ಸೊನ್ನೆ. ಸೊನ್ನೆಗಿಂತ ಕೆಳಗೆ ಇಳಿಯುವಂತಿಲ್ಲವಾದ್ದರಿಂದ ಆಟಗಾರ ಚೆಂಡನ್ನು ಎತ್ತಿಕೊಂಡು ಮುಂದಿನ ಹೋಲ್‌ಗೆ ಹೊಸ ಮನಸ್ಸಿನಿಂದ ಹೋಗಬಹುದು. ಇಂದಿನ ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ ಒಂದು ಹೋಲ್‌ನ ಗರಿಷ್ಠ ಸ್ಕೋರ್ ಎಂದರೆ ಪಾರ್, ಅದರ ಮೇಲೆ ಎರಡು, ಅದರ ಮೇಲೆ ಆ ಹೋಲ್‌ಗೆ ಸಿಗುವ ರಿಯಾಯಿತಿ ಹೊಡೆತ. ಪಾರ್ 4ರ ಹೋಲ್‌ನಲ್ಲಿ ಒಂದು ರಿಯಾಯಿತಿ ಹೊಡೆತ ಇರುವವನ 11 ಕೂಡ 7 ಎಂದೇ ದಾಖಲಾಗುತ್ತದೆ. ಸ್ಟೇಬಲ್‌ಫರ್ಡ್ ಪದ್ಧತಿಯಲ್ಲಿ ಸೊನ್ನೆ ಅಂಕ ಆರಂಭವಾಗುವುದೂ ಸರಿಯಾಗಿ ಅದೇ ಸ್ಕೋರ್‌ನಲ್ಲಿ. ಆ ವೈದ್ಯರ ಕರುಣೆ ಸೂತ್ರದ ಒಳಗೇ ಸೇರಿಕೊಂಡಿದೆ ಎಂದರೆ ತಪ್ಪಾಗಲಾರದು.

ಇಂಡೆಕ್ಸ್ ಎಂಬುದು ಅಂಗಳದಿಂದ ಅಂಗಳಕ್ಕೆ ಕೊಂಡೊಯ್ಯುವ ಅಂಕಿ. ಅದನ್ನು ನೇರವಾಗಿ ಸ್ಕೋರ್‌ನಿಂದ ಕಳೆಯುವಂತಿಲ್ಲ. ಆಡುವ ಅಂಗಳದ ಸ್ಲೋಪ್‌ನಿಂದ ಗುಣಿಸಿ, 113ರಿಂದ ಭಾಗಿಸಿ, ಕೋರ್ಸ್ ರೇಟಿಂಗ್ ಮತ್ತು ಪಾರ್ ನಡುವಿನ ವ್ಯತ್ಯಾಸವನ್ನು ಕೂಡಿಸಿದಾಗ ಅಲ್ಲಿಯ ಕೋರ್ಸ್ ಹ್ಯಾಂಡಿಕ್ಯಾಪ್ ಸಿಗುತ್ತದೆ. 18.4 ಇಂಡೆಕ್ಸ್ ಇರುವವರು ಮೇಲಿನ ಅಂಗಳದಲ್ಲಿ, ಅದರ ಪಾರ್ 72 ಎಂದಾದರೆ, 20 ಹೊಡೆತ ಪಡೆಯುತ್ತಾರೆ. ಅವರೇ ಸ್ಲೋಪ್ 105, ಕೋರ್ಸ್ ರೇಟಿಂಗ್ 68.5, ಪಾರ್ 70 ಇರುವ ಸುಲಭದ ಅಂಗಳಕ್ಕೆ ಹೋದರೆ 16 ಹೊಡೆತ ಮಾತ್ರ. ಮುಂದಿನ ಟೀಗಳಿಂದ ಆಡುವ ಮಹಿಳೆಯರಿಗೂ ಹಿಂದಿನ ಟೀಗಳಿಂದ ಆಡುವ ಪುರುಷರಿಗೂ ಬೇರೆ ಬೇರೆ ರೇಟಿಂಗ್‌ಗಳಿರುವುದರಿಂದ ಅವರೆಲ್ಲ ಒಂದೇ ಸ್ಪರ್ಧೆಯಲ್ಲಿ ಭಾಗವಹಿಸಲು ಈ ಲೆಕ್ಕ ಅನುವು ಮಾಡಿಕೊಡುತ್ತದೆ.

ಹೊಡೆತಗಳು ಎಲ್ಲಿ ಸಿಗುತ್ತವೆ ಎಂಬುದು ಮ್ಯಾಚ್ ಪ್ಲೇಯಲ್ಲಿ ಬಹಳ ಮುಖ್ಯ. ಸ್ಕೋರ್ ಕಾರ್ಡ್‌ನಲ್ಲಿ ಪ್ರತಿ ಹೋಲ್‌ಗೂ 1ರಿಂದ 18ರವರೆಗಿನ ಸ್ಟ್ರೋಕ್ ಇಂಡೆಕ್ಸ್, ಅಂದರೆ ರಿಯಾಯಿತಿ ಹೊಡೆತಗಳು ಯಾವ ಕ್ರಮದಲ್ಲಿ ಸಲ್ಲುತ್ತವೆ ಎಂಬ ಸಂಖ್ಯೆ, ಮುದ್ರಿತವಾಗಿರುತ್ತದೆ. 20 ಹ್ಯಾಂಡಿಕ್ಯಾಪ್‌ನವರು 8 ಹ್ಯಾಂಡಿಕ್ಯಾಪ್‌ನವರೊಡನೆ ಆಡಿದರೆ ವ್ಯತ್ಯಾಸವಾದ 12 ಹೊಡೆತಗಳು ಸ್ಟ್ರೋಕ್ ಇಂಡೆಕ್ಸ್ 1ರಿಂದ 12ರವರೆಗಿನ ಹೋಲ್‌ಗಳಲ್ಲಿ ಒಂದೊಂದರಂತೆ ಸಿಗುತ್ತವೆ. ಇಬ್ಬರ ಮ್ಯಾಚ್ ಪ್ಲೇಗೆ ಹ್ಯಾಂಡಿಕ್ಯಾಪ್ ಪೂರ್ತಿ ಸಲ್ಲುತ್ತದೆ. ಅನೇಕರು ಸ್ಪರ್ಧಿಸುವ ಸ್ಟ್ರೋಕ್ ಪ್ಲೇಯಲ್ಲಿ ಶೇ 95ರಷ್ಟನ್ನು ಕೊಡುವಂತೆ ಶಿಫಾರಸು ಮಾಡಲಾಗಿದೆ. ಏಕೆಂದರೆ ದೊಡ್ಡ ಹ್ಯಾಂಡಿಕ್ಯಾಪ್‌ನವರ ಸ್ಕೋರ್‌ಗಳು ಹೆಚ್ಚು ಏರಿಳಿಯುವುದರಿಂದ, ನೂರು ಜನರ ಸ್ಪರ್ಧೆಯಲ್ಲಿ ಅವರಲ್ಲೊಬ್ಬರು ಅಂದು ಅಸಾಧಾರಣವಾಗಿ ಆಡಿಬಿಡುವ ಸಾಧ್ಯತೆ ಯಾವಾಗಲೂ ಇರುತ್ತದೆ. ವೃತ್ತಿಪರ ಟೂರ್‌ಗಳಲ್ಲೂ ಒಲಿಂಪಿಕ್ಸ್‌ನಲ್ಲೂ ಈ ಯಾವ ಲೆಕ್ಕವೂ ಇಲ್ಲ. ಟೋಕಿಯೊದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದದ್ದು ಎಣಿಸಿದ ಹೊಡೆತಗಳ ಮೇಲೆ ಮಾತ್ರ.

ಸ್ಲೋಪ್ ಬಂದ ಮೇಲೂ ಜಗತ್ತು ಒಂದಾಗಲಿಲ್ಲ. ಅಮೆರಿಕದಲ್ಲಿ ಕೊನೆಯ 20ರಲ್ಲಿ ಉತ್ತಮ 10 ಡಿಫರೆನ್ಷಿಯಲ್‌ಗಳ ಸರಾಸರಿ ತೆಗೆದು ಅದರ ಶೇ 96ನ್ನು ಹಿಡಿಯುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ಉತ್ತಮ 8ರ ಸರಾಸರಿಯ ಶೇ 93. ಅಲ್ಲಿ ಸ್ಲೋಪ್ ಜಾರಿಗೆ ಬಂದದ್ದೇ 2014ರಲ್ಲಿ. ಬ್ರಿಟನ್ ಮತ್ತು ಐರ್ಲೆಂಡ್‌ನ ದಾರಿ ಇವೆರಡಕ್ಕಿಂತಲೂ ಬೇರೆ. ಅಲ್ಲಿ 1983ರಿಂದ ಆಟಗಾರರನ್ನು ವರ್ಗಗಳಾಗಿ ವಿಂಗಡಿಸಿ, ಸ್ಪರ್ಧೆಯಲ್ಲಿ ಕೆಟ್ಟದಾಗಿ ಆಡಿದರೆ ಹ್ಯಾಂಡಿಕ್ಯಾಪ್ ಅನ್ನು 0.1ರಷ್ಟು ಏರಿಸುವ, ಚೆನ್ನಾಗಿ ಆಡಿದರೆ ವರ್ಗಕ್ಕೆ ತಕ್ಕಂತೆ ಹೊಡೆತವೊಂದಕ್ಕೆ 0.1ರಿಂದ ಆರಂಭವಾಗುವ ದರದಲ್ಲಿ ಇಳಿಸುವ ಪದ್ಧತಿ ನಡೆಯುತ್ತಿತ್ತು. ಅದು ಇಳಿಯುವಾಗ ಬೇಗ, ಏರುವಾಗ ನಿಧಾನ. ವಯಸ್ಸಾಗಿ ಬಲ ಕುಂದಿದವರ ಹ್ಯಾಂಡಿಕ್ಯಾಪ್ ಅವರ ಆಟಕ್ಕೆ ತಕ್ಕಂತೆ ಏರಲು ವರ್ಷಗಳೇ ಹಿಡಿಯುತ್ತಿದ್ದವು. ಯುರೋಪ್, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾಗಳದೂ ಸೇರಿ ಒಟ್ಟು ಆರು ಪದ್ಧತಿಗಳು. ಇವುಗಳ ಅಡಿಯಲ್ಲಿ 80 ದೇಶಗಳ ಸುಮಾರು ಒಂದೂವರೆ ಕೋಟಿ ಆಟಗಾರರಿದ್ದರು. ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಸೇರಿ ರೂಪಿಸಿದ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ 2020ರ ಜನವರಿಯಲ್ಲಿ ಆರಂಭವಾಯಿತು. ಬ್ರಿಟನ್‌ನ ಕ್ಲಬ್‌ಗಳು ಅದೇ ವರ್ಷದ ನವೆಂಬರ್‌ನಲ್ಲಿ ಅದಕ್ಕೆ ಬದಲಾದವು.

ಬ್ರಿಟನ್ನಿನ ಕ್ಲಬ್‌ಗಳಲ್ಲಿ ಅಂದಿನಿಂದಲೂ ತಕರಾರು ಕೇಳಿಬರುತ್ತಿದೆ. ಹೆಚ್ಚಾಗಿ ಸ್ಪರ್ಧೆಯ ಸುತ್ತುಗಳೇ ಹ್ಯಾಂಡಿಕ್ಯಾಪ್ ನಿರ್ಧರಿಸುತ್ತಿದ್ದ ಕಡೆ ಈಗ ಗೆಳೆಯರೊಡನೆ ಆಡಿದ ಸಾಮಾನ್ಯ ಸುತ್ತುಗಳನ್ನೂ ಸಲ್ಲಿಸಬಹುದು. ಇದನ್ನು ಬಳಸಿಕೊಂಡು ಕೆಲವರು ಬೇಕೆಂದೇ ಕೆಟ್ಟ ಸ್ಕೋರ್ ಸಲ್ಲಿಸಿ ಹ್ಯಾಂಡಿಕ್ಯಾಪ್ ಏರಿಸಿಕೊಂಡು ಬಹುಮಾನ ಹೊಡೆಯುತ್ತಾರೆ ಎಂಬುದು ಕಡಿಮೆ ಹ್ಯಾಂಡಿಕ್ಯಾಪ್‌ನವರ ದೂರು. ವ್ಯವಸ್ಥೆ ಇದಕ್ಕೆ ಕೆಲವು ಕಡಿವಾಣಗಳನ್ನು ಹಾಕಿದೆ. ಹಿಂದಿನ 365 ದಿನಗಳಲ್ಲಿನ ಅತಿ ಕಡಿಮೆ ಇಂಡೆಕ್ಸ್‌ಗಿಂತ 3.0ರಷ್ಟು ಏರಿದ ಮೇಲೆ ಮುಂದಿನ ಏರಿಕೆ ಅರ್ಧಕ್ಕೆ ಇಳಿಯುತ್ತದೆ, 5.0ಕ್ಕಿಂತ ಹೆಚ್ಚು ಏರುವಂತೆಯೇ ಇಲ್ಲ. 12.0 ಇದ್ದವರ ಲೆಕ್ಕ 17.0 ತೋರಿಸಿದರೂ ಸಿಗುವುದು 16.0. ತನ್ನ ಇಂಡೆಕ್ಸ್‌ಗಿಂತ 7.0 ಅಥವಾ ಅದಕ್ಕೂ ಹೆಚ್ಚಿನ ಅಂತರದಲ್ಲಿ ಕೆಳಗಿರುವ ಡಿಫರೆನ್ಷಿಯಲ್ ಗಳಿಸಿದವರ ಇಂಡೆಕ್ಸ್ ಅನ್ನು ಹೆಚ್ಚುವರಿಯಾಗಿ 1.0ರಷ್ಟು, ಅಂತರ 10.0 ಮುಟ್ಟಿದರೆ ಅಥವಾ ದಾಟಿದರೆ 2.0ರಷ್ಟು ಕಡಿತಗೊಳಿಸಲಾಗುತ್ತದೆ. ಇವುಗಳಿಗೂ ಮೀರಿದ್ದನ್ನು ಕ್ಲಬ್ಬಿನ ಹ್ಯಾಂಡಿಕ್ಯಾಪ್ ಸಮಿತಿ ನೋಡಿಕೊಳ್ಳಬೇಕು. ಸಮಿತಿಗಳು ಈ ಅಧಿಕಾರವನ್ನು ಮುಲಾಜಿಗೆ ಬಿದ್ದು ಬಳಸದೆ ಬಿಟ್ಟಲ್ಲಿ ಯಾವ ಸೂತ್ರವೂ ಕೆಲಸ ಮಾಡದು. ಇದಕ್ಕೆ ವಿರುದ್ಧವಾದ ಚಾಳಿಯೂ ಉಂಟು: ಕೆಟ್ಟ ಸ್ಕೋರ್‌ಗಳನ್ನು ಮುಚ್ಚಿಟ್ಟು, ಒಳ್ಳೆಯದನ್ನಷ್ಟೇ ಸಲ್ಲಿಸಿ, ತನ್ನ ಹ್ಯಾಂಡಿಕ್ಯಾಪ್ ಚಿಕ್ಕದೆಂದು ತೋರಿಸಿಕೊಳ್ಳುವುದು. ಇದರಿಂದ ನಷ್ಟ ಅವನಿಗೇ ಎಂದು ಕಾಣುತ್ತದೆ, ಆದರೆ ಅವನನ್ನು ನಂಬಿ ಜೋಡಿಯಾಗಿ ಆಡಿದವನೂ ಸೋಲುತ್ತಾನೆ.

ಭಾರತಕ್ಕೆ ಈ ಕಥೆ ಹೊರಗಿನದಲ್ಲ. ಬ್ರಿಟನ್ನಿನ ಹೊರಗೆ ಅತಿ ಹಳೆಯದೆನಿಸಿದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರದು. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಆರಂಭವಾಯಿತು. ಅಂದರೆ ಲೇಡೀಸ್ ಗಾಲ್ಫ್ ಯೂನಿಯನ್ ಹುಟ್ಟುವುದಕ್ಕೆ 17 ವರ್ಷ ಮೊದಲೇ ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಇತ್ತು. 1955ರಲ್ಲಿ ಸ್ಥಾಪನೆಯಾದ ಇಂಡಿಯನ್ ಗಾಲ್ಫ್ ಯೂನಿಯನ್ ಈಗ ದೇಶದಲ್ಲಿ ವಿಶ್ವ ಪದ್ಧತಿಯನ್ನು ನಿರ್ವಹಿಸುತ್ತದೆ. ಮೈಸೂರಿನಲ್ಲಿ ಪಡೆದ ಇಂಡೆಕ್ಸ್ ಹಿಡಿದು ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋದ ನಿವೃತ್ತರು ಅಲ್ಲಿಯ ಅಂಗಳದಲ್ಲಿ ತಮ್ಮ ರಿಯಾಯಿತಿ ಎಷ್ಟೆಂದು ಯಾರನ್ನೂ ಕೇಳಬೇಕಾಗಿಲ್ಲ. ಟೀ ಬಳಿಯ ಫಲಕ ನೋಡಿ ತಿಳಿದುಕೊಳ್ಳಬಹುದು.

2024ರ ಪರಿಷ್ಕರಣೆಯಲ್ಲಿ ಸಣ್ಣ ಅಂಗಳಗಳಿಗೂ ಈ ವ್ಯವಸ್ಥೆಯ ಬಾಗಿಲು ತೆರೆಯಿತು. 18 ಹೋಲ್‌ಗಳಿಗೆ ಕನಿಷ್ಠ 3,000 ಗಜ ಇರಬೇಕಿದ್ದ ಉದ್ದವನ್ನು 1,500 ಗಜಕ್ಕೆ ಇಳಿಸಲಾಗಿದೆ. 9 ಹೋಲ್‌ಗಳಿಗೆ 750 ಗಜ ಸಾಕು. 9 ಹೋಲ್ ಆಡಿದವರು ಇನ್ನೊಂದು ಅರ್ಧ ಸುತ್ತಿಗಾಗಿ ಕಾಯಬೇಕಿಲ್ಲ; ಉಳಿದ 9ರಲ್ಲಿ ಆ ಮಟ್ಟದ ಆಟಗಾರ ಹೇಗೆ ಆಡುತ್ತಾನೆಂಬ ನಿರೀಕ್ಷಿತ ಅಂಕಿಯನ್ನು ಸೇರಿಸಿ ಕೂಡಲೇ ಡಿಫರೆನ್ಷಿಯಲ್ ಕೊಡಲಾಗುತ್ತದೆ. ಇಡೀ ದಿನ ಬಿಡುವಿಲ್ಲದವರಿಗೂ ಸಣ್ಣ ಊರುಗಳ ಕ್ಲಬ್‌ಗಳಿಗೂ ಇದು ದೊಡ್ಡ ಅನುಕೂಲ. ಆದರೆ ಅಂಗಳದ ರೇಟಿಂಗ್ ಹಳತಾಗಿದ್ದರೆ ಅದರ ಮೇಲೆ ಕಟ್ಟಿದ ಲೆಕ್ಕವೆಲ್ಲ ಓರೆಯಾಗುತ್ತದೆ. ಮರಗಳು ಬೆಳೆಯುತ್ತವೆ, ಬಂಕರ್‌ಗಳನ್ನು ಮುಚ್ಚುತ್ತಾರೆ, ಟೀಗಳನ್ನು ಹಿಂದಕ್ಕೆ ಸರಿಸುತ್ತಾರೆ. ಹತ್ತು ವರ್ಷಕ್ಕೊಮ್ಮೆಯಾದರೂ ಅಂಗಳವನ್ನು ಮತ್ತೆ ಅಳೆಯಬೇಕೆಂಬುದು ನಿಯಮ. ದೊಡ್ಡ ಬದಲಾವಣೆಯಾದರೆ ಅದಕ್ಕೂ ಮೊದಲೇ ಅಳೆಯಬೇಕು. ತಮ್ಮ ಅಂಗಳವನ್ನು ಕೊನೆಯದಾಗಿ ಅಳೆದದ್ದು ಯಾವಾಗ, ಬೋಗಿ ಆಟಗಾರನ ಚೆಂಡು ಬೀಳುವ ಜಾಗಗಳಲ್ಲಿ ಆಮೇಲೆ ಏನೇನು ಬದಲಾಗಿದೆ ಎಂದು ಪ್ರತಿ ಕ್ಲಬ್ಬಿನ ಸದಸ್ಯರೂ ತಮ್ಮ ಸಮಿತಿಯನ್ನು ಕೇಳಬೇಕು.